ಮಾಮನ ಹೆದರಿಕೆಯ ಪಾಠ

ಮಕ್ಕಳನ್ನು ಹೆದರಿಸಿಯೇ ಅವರ ಹೆದರಿಕೆ ಬಿಡಿಸಬಹುದು ಎಂದು ನಂಬಿದ ಮನುಷ್ಯ ಇಡೀ ಬಸವಕಲ್ಯಾಣದಲ್ಲಿ ಒಬ್ಬನೇ ಇದ್ದ. ನನ್ನ ಗ್ರಹಚಾರ, ಅವನು ನನ್ನ ಸೋದರಮಾವನೇ ಆಗಬೇಕೇ!

ಹಗಲೆಲ್ಲ ಅವನು ದರ್ಜಿ. ಸಂಜೆಯಾಯಿತೆಂದರೆ ಅಂಗಡಿಯ ಹಿಂದಿನ ಅಂಗಳದಲ್ಲಿ ಓಣಿಯ ಮಕ್ಕಳಿಗೆ ನಾಟಕ ಕಲಿಸುತ್ತಿದ್ದ. ಅವನ ಪದ್ಧತಿಯೇ ಬೇರೆ. ಯಾರು ಯಾವುದಕ್ಕೆ ಹೆದರುತ್ತಾರೋ ಅವರು ಅದೇ ಪಾತ್ರ ಮಾಡಬೇಕು! ಮುಡಬಿಯಿಂದ ಬಂದು ನಮ್ಮ ಓಣಿಯಲ್ಲಿದ್ದ ಹುಡುಗನೊಬ್ಬನಿಗೆ ನಾಯಿಯ ಭಯ. ಅವನನ್ನು ನಾಯಿ ಮಾಡಿದ. ಹುಡುಗ ಬೊಗಳಿದ ರಭಸಕ್ಕೆ, ಅಂಗಿ ಹೊಲಿಸಲು ಬಂದ ಗಿರಾಕಿ ಅಳತೆಯನ್ನೂ ಕೊಡದೆ ಓಡಿಹೋದ. ಪೊಲೀಸರನ್ನು ಕಂಡರೆ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಿದ್ದ ಇನ್ನೊಬ್ಬ ಫೌಜದಾರನಾಗಿ, ಮಾಮನನ್ನೇ ಕೋಣೆಗೆ ತಳ್ಳಿ ಚಿಲಕ ಹಾಕಿ ಮನೆಗೆ ಊಟಕ್ಕೆ ಹೋಗಿಬಿಟ್ಟ!

“ಫೌಜದಾರ್ ಸಾಬ್, ಬಾಗಲಾ ತಗೀರಿ!” ಎಂದು ಮಾಮ ಒಳಗಿನಿಂದ ಕೂಗಿದ್ದೇ ಕೂಗಿದ್ದು. ಹೊರಗೆ ಬಂದಮೇಲೆ ಬಯ್ಯುವುದು ಬಿಟ್ಟು, “ಶಾಬ್ಬಾಸ್! ಪೋರಗ ಧೈರ್ಯ ಬಂತು ನೋಡ್ರಿ” ಎಂದ.

ನನ್ನ ಕಥೆ ಬೇರೆ. ನನಗೆ ಎಲ್ಲದಕ್ಕೂ ಹೆದರಿಕೆ! ಹಲ್ಲಿ, ಗುಡುಗು, ಮಾಸ್ತರರ ಕೆಮ್ಮು. ಮಾಮ ಎಷ್ಟು ಪಾತ್ರ ಅಂತ ಮಾಡಿಸಿಯಾನು? ತರಗತಿಯಲ್ಲಿ ನನ್ನ ಹೆಸರು ಕೇಳಿದರೂ ಪಕ್ಕದ ಹುಡುಗಿಯೇ ಹೇಳಬೇಕಿತ್ತು. ಆದರೂ ಶಾಲೆಯೆಂದರೆ ನನಗೆ ಪ್ರಾಣ. ಏಳನೆಯ ತರಗತಿ ಮುಗಿಯುವ ಹೊತ್ತಿಗೆ ಅಪ್ಪ ಮಾಮನ ಅಂಗಡಿಗೇ ಬಂದು ತೀರ್ಪು ಕೊಟ್ಟೇಬಿಟ್ಟರು.

“ಬಾಯಿ ಬಿಡಲಾರದ ಪೋರಿಗಿ ಹೈಸ್ಕೂಲ್ ಯಾಕ? ಮನ್ಯಾಗ ಇರ್ಲಿ.”

ಮಾಮ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ. “ಹುಮನಾಬಾದಿನ್ಯಾಗ ನಮ್ಮ ನಾಟಕ ಅದರಿ. ಮಂದಿ ಮುಂದ ಈಕಿ ಮಾತಾಡಿದ್ರ ಸಾಲಿಗಿ ಕಳಸ್ತೀರೇನು?”

“ಮೊದಲ ಮಾತಾಡ್ಲಿ, ನೋಡಮು” ಎಂದರು ಅಪ್ಪ.

ಸೆರೆಯಾದ ಅಣ್ಣನನ್ನು ಬಿಡಿಸಿಕೊಡಿ ಎಂದು ರಾಜನನ್ನು ಬೇಡುವ ಹುಡುಗಿಯ ಪಾತ್ರ ನನಗೆ ಬಂತು. ರಾಜ ಯಾರು? ನಮ್ಮ ಮುಡಬಿಯ ನಾಯಿಯೇ! “ಆಕಾಶ ಕಳಚಿ ಬಿದ್ರೂ ಯಾರೂ ತಮ್ಮ ಮಾತು ಬಿಡಬಾರದು” ಎಂದು ಮಾಮ ಅವನಿಗೆ ಉರು ಹೊಡೆಸಿದ್ದ. ಹುಮನಾಬಾದಿನ ಬಸ್ಸಿನಲ್ಲಿ ಹೆದರಿಕೆಗೆ ನಾನು ವಾಂತಿ ಮಾಡಿಕೊಂಡೆ.

ಪರದೆ ಎದ್ದಿತು. ಎದುರಿಗೆ ತಲೆಗಳೋ ತಲೆಗಳು, ಮುಂದಿನ ಸಾಲಿನಲ್ಲೇ ಅಪ್ಪ. ಕಲಿತ ಮಾತು ಒಂದಾದರೂ ನೆನಪಿಗೆ ಬಂದರೆ ಕೇಳಿ! ಮಾತು ಎತ್ತಿಕೊಡಲು ಪಕ್ಕದ ಪರದೆಯ ಹಿಂದೆ ನಿಂತಿದ್ದ ಮಾಮನತ್ತ ನೋಡಿದೆ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ತುಟಿಗಳು ಅಲುಗುತ್ತಿದ್ದವು, ದನಿಯಿಲ್ಲ. ಕೈಯಲ್ಲಿದ್ದ ಹಾಳೆಗಳನ್ನು ತಲೆಕೆಳಗಾಗಿ ಹಿಡಿದಿದ್ದ. ಅಯ್ಯೋ, ಇವನಿಗೂ ಹೆದರಿಕೆಯೇ! ಇನ್ನು ನನಗೆ ಯಾರು ಗತಿ? ಬಾಯಿಗೆ ಬಂದದ್ದನ್ನು ಕೂಗಿಬಿಟ್ಟೆ.

“ಮಹಾರಾಜ್ರೇ, ನನಗ ಮಾತು ಬರ್ತಾವ್ರಿ! ಹೆದರಿಕಿ ಆಗ್ತದ, ಅಷ್ಟ. ನನ್ನ ಸಾಲಿ ಮಾತ್ರ ಬಿಡಸಬ್ಯಾಡ್ರಿ!”

ರಾಜ ಕಕ್ಕಾಬಿಕ್ಕಿಯಾದ. ಆದರೆ ತನ್ನ ಮಾತು ಬಿಡುವಂತಿಲ್ಲವಲ್ಲ! “ಈ ಉದ್ಧಟಳನ್ನು ಸೆರೆಮನೆಗೆ ತಳ್ಳಿರಿ!” ಎಂದು ಗರ್ಜಿಸಿದ. ಇಬ್ಬರು ಸೈನಿಕರು ನನ್ನ ರಟ್ಟೆ ಹಿಡಿದರು.

ಅಪ್ಪ ದಡಕ್ಕನೆ ಎದ್ದು ನಿಂತರು. “ಏ ರಾಜಾ, ಬಿಡೋ ಆಕಿನ್ನ! ಸಾಲಿಗಿ ಕಳಸ್ತೀನಿ!”

ಜನ ಬಿದ್ದು ಬಿದ್ದು ನಕ್ಕರು.

ನಾಟಕ ಮುಗಿದ ಮೇಲೆ ನೋಡಿದರೆ ಮಾಮ ವೇಷದ ಪೆಟ್ಟಿಗೆಯ ಮೇಲೆ ಕುಸಿದು ಕೂತಿದ್ದ. ಬರೆದ ಮಾತು ಬಿಟ್ಟದ್ದಕ್ಕೆ ಬಯ್ಯುತ್ತಾನೆಂದು ಹೆದರುತ್ತಲೇ ಹತ್ತಿರ ಹೋಗಿ, “ಮಾಮಾ, ನಿನಗ್ಯಾಕ ಹೆದರಿಕಿ?” ಎಂದೆ.

“ನಿಜಾಮನ ಕಾಲದಾಗ ನಮ್ಮ ಸಾಲ್ಯಾಗ ಎಲ್ಲಾ ಉರ್ದು ಇತ್ತವ್ವಾ. ನನಗ ತಿಳೀತಿರಲಿಲ್ಲ, ಕೇಳಾಕ ಅಂಜಿಕಿ. ಬಾಯಿ ಮುಚ್ಚಿ ಕುಂತೆ. ಕಡೀಕ ಸಾಲಿನೇ ಬಿಟ್ಟೆ. ನೀ ಬಾಯಿ ಬಿಡದ ನಿಂತಾಗ, ನಿನಗೂ ಹಂಗ ಆಗ್ತದಂತ ಅಂಜಿದೆ.” ಆಮೇಲೆ ನಾಚಿಕೊಂಡು ಕೇಳಿದ: “ಹೈಸ್ಕೂಲ್‌ನ್ಯಾಗ ಏನ ಕಲಸ್ತಾರ, ದಿನಾ ಬಂದು ನನಗ ಹೇಳ್ತೀಯೇನು?”

ಅಷ್ಟು ಜನರ ಮುಂದೆ ಕೂಗಿ ಬಂದಿದ್ದ ನನಗೆ, “ಹೇಳ್ತೀನಿ ಮಾಮಾ” ಎನ್ನುವಷ್ಟರಲ್ಲಿ ಅಳು ಬಂತು.