ಹುಚ್ಚವ್ವನ ಎಣ್ಣೆಯ ನಾಮಕರಣ

ಅನ್ಯಾಯ ಕಂಡರೆ ಸುಮ್ಮನಿರುವುದು ನನ್ನಿಂದಾಗದು. ಲಗ್ನಪತ್ರಿಕೆಯಲ್ಲಿ ವಧುವಿನ ತಾಯಿಯ ಹೆಸರಿಲ್ಲದಿದ್ದರೆ ಊಟಕ್ಕೆ ಕೂರುವ ಮುನ್ನವೇ ಆಕ್ಷೇಪ ಎತ್ತುತ್ತೇನೆ. ಹೀಗಾಗಿ ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಗೆ ಇತ್ತೀಚೆಗೆ ಲಗ್ನಪತ್ರಿಕೆಗಳು ಬರುವುದೇ ಕಡಿಮೆ. ಇಂಥ ನನ್ನ ಕಪಾಟಿನಲ್ಲಿಯೇ ಒಂದು ಅನ್ಯಾಯ ವರ್ಷಗಳಿಂದ ಕುಳಿತಿತ್ತು: ಹುಚ್ಚವ್ವನ ಎಣ್ಣೆ. ಮೊಣಕಾಲು ನೋವಿಗೆ ನನ್ನ ಅಜ್ಜಿ ಕಾಸುತ್ತಿದ್ದ ಎಣ್ಣೆ ಅದು. ಈಗ ಖಾನಾಪುರದ ಸೋದರತ್ತೆ ಗಂಗವ್ವ ಕಾಸುತ್ತಾಳೆ. ಮದ್ದು ಕಂಡುಹಿಡಿದ ಹೆಣ್ಣನ್ನು ಹುಚ್ಚಿಯೆಂದ ಸಮಾಜ ಆಕೆಯ ಎಣ್ಣೆಯನ್ನು ಮಾತ್ರ ಬಿಡಲಿಲ್ಲವೆಂದು ನಾನು ಹಲವು ಸಭೆಗಳಲ್ಲಿ ಗದ್ಗದಿತನಾಗಿ ಮಾತನಾಡಿದ್ದೇನೆ.

ಈಚೆಗೆ ರವಿವಾರ ಪೇಟೆಯ ಅಂಗಡಿಕಾರ ದಸ್ತಗೀರಸಾಬರು ಆ ಎಣ್ಣೆಯನ್ನು ಮಾರಲು ಒಪ್ಪಿದರು. ತನ್ನ ಕೈಕೆಲಸ ಪೇಟೆ ಕಾಣಬೇಕೆಂಬುದು ಅತ್ತೆಯ ಬಹುಕಾಲದ ಆಸೆ. ನಾನು ಬಾಟಲಿಗಳಿಗೆ ‘ಸ್ತ್ರೀಚೇತನ ವೇದನಾಹರ ತೈಲ’ ಎಂಬ ಹೊಸ ಚೀಟಿ ಅಂಟಿಸಿ, ಕೆಳಗೆ ‘ಪರಿಕಲ್ಪನೆ: ಎಚ್.ಬಿ.’ ಎಂದು ನನ್ನ ಹೆಸರಿನ ಮೊದಲಕ್ಷರಗಳನ್ನಷ್ಟೇ ವಿನಯದಿಂದ ಸೇರಿಸಿ, ಒಯ್ದುಕೊಟ್ಟೆ.

ಸಾಬರು ಚೀಟಿಯನ್ನು ನಿಧಾನವಾಗಿ ಓದಿದರು. “ಸರ್, ಇಷ್ಟುದ್ದ ಹೆಸರು ಹೇಳಿ ಕೇಳೂದ್ರಾಗ ಗಿರಾಕಿಗೆ ದವಡಿನೂ ನೋಯ್ತದ. ಮಂದಿ ಕೇಳೂದು ಹುಚ್ಚವ್ವನ ಎಣ್ಣಿ. ಅದಾದ್ರ ಇಡ್ತೀನಿ, ಇಲ್ಲಾಂದ್ರ ವಾಪಸ್ ಒಯ್ರಿ.”

ನನ್ನ ಆದರ್ಶದಡಿ ಅತ್ತೆಯ ಆಸೆ ಸಿಕ್ಕಿಕೊಂಡಿತು. ಅವಳೇ ನನ್ನ ಪರ ನುಡಿಯಲೆಂದು ಖಾನಾಪುರದ ಬಸ್ಸು ಹತ್ತಿದೆ.

“ಅತ್ಯಾ, ಅಜ್ಜಿಗೆ ಹುಚ್ಚಿ ಅಂದವರು ಯಾರು?”

“ನಮ್ಮವ್ವಗ ಹಂಗ ಅಂದು ಉಳಿಯೋ ಮಂದಿ ಖಾನಾಪುರದಾಗ ಹುಟ್ಟಿಲ್ಲ. ಕುಂದರು,” ಎಂದಳು ಅತ್ತೆ, ಬಾಣಲೆಯಲ್ಲಿ ಸೌಟು ತಿರುವುತ್ತ. “ಮೊದಲ ಎರಡು ಸಲ ಕಾಸಿದ ಎಣ್ಣಿ ನಾತ ಹಿಡದು ಕೆಡ್ತು. ಮಂದಿ ಹೊಗಳಿ ದೃಷ್ಟಿ ಆತಂದ್ಲು ಅವ್ವ. ಹೆಸರ ಕೆಟ್ಟದಿದ್ರ ದೃಷ್ಟಿ ತಾಗೂದಿಲ್ಲಂತ ಮೂರನೇ ಸಲ ಗಡಗಿ ಬಾಯಾಗ ಹುಚ್ಚವ್ವ, ಹುಚ್ಚವ್ವ ಅಂತ ನನ್ನ ಕಡಿಂದ ಊದಿಸಿದ್ಲು. ಉಳೀತು.”

“ಎಣ್ಣೆಗೆ ಯಾರಾದರೂ ನಾಮಕರಣ ಮಾಡುತ್ತಾರೆಯೇ?”

“ಅದಕ್ಕೂ ಮೊದಲ ಕೂಸಿಗಿ ಹಂಗ ಮಾಡಿ ನೋಡಿದ್ವಲ್ಲ. ನಿನಗಿಂತ ಮುಂಚಿನ ಎರಡೂ ಕೂಸು ಉಳೀಲಿಲ್ಲ. ನಿನ್ನ ತೊಟ್ಲಾಗ ಹಾಕಿದಾಗ ಸೋದರತ್ತಿ ಅಂತ ನಾನ ಕಿವ್ಯಾಗ ಊದೀನಿ, ಹುಚ್ಚಪ್ಪ ಅಂತ. ನೀ ಗಟ್ಟಿ ಉಳದಿ. ಆ ಧೈರ್ಯದ ಮ್ಯಾಲೇ ಎಣ್ಣಿಗೂ ಇಟ್ಟಿವಿ.”

ನನ್ನ ಭಾಷಣಗಳೆಲ್ಲ ಆ ಬಾಣಲೆಯಲ್ಲಿ ಚುರ್ ಎಂದವು.

“ಎಣ್ಣಿ ಹೆಸರ ಹಂಗ ಇರಲಿ,” ಎಂದಳು ಅತ್ತೆ. “ಮನಿ ಮುಂದಿನ ಫಲಕದಾಗ ನಿನ್ನ ಹೆಸರ ಬರೇ ಎಚ್ ಅಂತ ಬರಸೀದಿ, ಅದನ್ನಷ್ಟು ಪೂರಾ ಮಾಡು.”

ಈಗ ಎಣ್ಣೆ ಹಳೆಯ ಹೆಸರಿನಲ್ಲೇ ಸಾಬರ ಅಂಗಡಿಯ ಮುಂದಿನ ಸಾಲಿಗೆ ಬಂದಿದೆ. ಅದನ್ನು ನೋಡಲೆಂದೇ ಅತ್ತೆ ಹೊಸ ಸೀರೆಯುಟ್ಟು ಬೆಳಗಾವಿಗೆ ಬಂದುಹೋದಳು. ನಾನೂ ಮನೆಯ ಫಲಕದಲ್ಲಿ ಹುಚ್ಚಪ್ಪನೆಂದು ಪೂರ್ತಿ ಬರೆಸಿದ್ದೇನೆ. ಓಣಿಯವರು ಏನೆನ್ನುವರೋ ಎಂದು ಅಳುಕಿದ್ದೆ. ಯಾರೂ ಏನೂ ಕೇಳಲಿಲ್ಲ. ಇಷ್ಟು ತಡವಾಗಿ ಬರೆಸಿದ್ದಕ್ಕಷ್ಟೇ ಅವರಿಗೆ ಸೋಜಿಗವಂತೆ.