ಬಾವಿಯೊಳಗೆ ಒಳ್ಳೆಯ ಹವೆ

ಪದ್ಮಲತಾ: ನಿನ್ನೆಯೂ ಬೇಡ, ಇವತ್ತೂ ಬೇಡವಾ? ಹೊರಗೆ ನೋಡಿ ಮಾರಾಯ್ರೆ, ಕಾಗೆ ಸಹ ನೆರಳು ಹುಡುಕ್ತಾ ಉಂಟು!

ಹೇಮರಾಜ: ಕಾಗೆಯ ಹತ್ತಿರ ಯಂತ್ರ ಉಂಟಾ? ನನ್ನ ಹತ್ತಿರ ಉಂಟು. ಅದರ ಮುಳ್ಳು ‘ಮಳೆ’ಯಲ್ಲಿ ನಿಂತಿದೆ. ಒಂದೇ ಒಂದು ಹಪ್ಪಳ ತಾರಸಿಗೆ ಹೋಗ್ಲಿಕ್ಕಿಲ್ಲ.

ಪದ್ಮಲತಾ: ಮೊದಲು ಆ ಕಾಲು ತೆಗೀರಿ. ನೀವು ನಿಂತದ್ದು ಹಪ್ಪಳದ ಮೇಲೆ.

ಹೇಮರಾಜರು ಕಾಲೆತ್ತಿದರು. ಎತ್ತಿದ ಕಾಲನ್ನು ಇಡಲು ಜಾಗ ಸಿಗದೆ ಹಾಗೆಯೇ ಒಂಟಿ ಕಾಲಲ್ಲಿ ನಿಂತರು. ಮೂಡುಬಿದಿರೆಯ ಗುಡ್ಡದ ಮೇಲಿನ ಆ ಮನೆಯ ಚಾವಡಿಯಿಂದ ದೇವರ ಕೋಣೆಯ ಬಾಗಿಲವರೆಗೆ ಚಾಪೆಗಳು, ಚಾಪೆಗಳ ಮೇಲೆ ಆರುನೂರು ಹಲಸಿನಕಾಯಿ ಹಪ್ಪಳ. ಮಂಚದ ಮೇಲೂ ಹಪ್ಪಳವೇ. ರಾತ್ರಿ ಗಂಡ ಹೆಂಡತಿ ಇಬ್ಬರೂ ಜಗಲಿಯಲ್ಲಿ ಮಲಗಿದ್ದರು.

ಬೇಸಿಗೆಯಲ್ಲಿ ದಿನಕ್ಕೊಂದು ಮನೆಯ ಸರದಿಯಂತೆ ನೆರೆಕರೆಯ ಹೆಂಗಸರೆಲ್ಲ ಸೇರಿ ಹಪ್ಪಳ ಒತ್ತುವುದು ಅಲ್ಲಿಯ ರೂಢಿ. ನಿನ್ನೆ ಪದ್ಮಲತಾಳ ಸರದಿ. ಏಳು ಜನ ಸೊಂಟ ಬಗ್ಗಿಸಿ ಒತ್ತಿಕೊಟ್ಟ ಹಪ್ಪಳ ಇವತ್ತು ಬಿಸಿಲು ಕಾಣದಿದ್ದರೆ ನಾಳೆಗೆ ಹುಳಿ ವಾಸನೆ, ನಾಡಿದ್ದಿಗೆ ಬೂಸ್ಟು. ಮತ್ತೆ ಸರದಿ ಬರುವುದು ಮುಂದಿನ ಬೇಸಿಗೆಗೆ. ಅಷ್ಟರವರೆಗೆ ಆ ಏಳು ಬಾಯಿಗಳಿಗೆ ಏನು ಉತ್ತರ ಕೊಡುವುದೆಂದು ನೆನೆದೇ ಅವಳಿಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು.

ಎಲ್ಲದಕ್ಕೂ ಕಾರಣ ಗೋಡೆಯ ಮೇಲಿದ್ದ ಹಿತ್ತಾಳೆಯ ಯಂತ್ರ. ದುಬೈಯಿಂದ ಬಂದ ಸೋದರಳಿಯ ಜಯೇಶ್ ಮಾವನಿಗೆಂದು ತಂದುಕೊಟ್ಟದ್ದು. ಗಾಳಿಯ ಒತ್ತಡ ನೋಡಿ ಹವೆ ಹೇಳುತ್ತದಂತೆ; ಒತ್ತಡ ಇಳಿದರೆ ಮಳೆ, ಏರಿದರೆ ಒಳ್ಳೆಯ ಹವೆ. ಬಿರುಗಾಳಿ, ಮಳೆ, ಬದಲಾವಣೆ, ಒಳ್ಳೆಯ ಹವೆ ಎಂದು ಸುತ್ತ ಇಂಗ್ಲಿಷಿನಲ್ಲಿ ಬರೆದಿತ್ತು. ನಿವೃತ್ತ ಸರ್ವೆಯರ್ ಹೇಮರಾಜರು ಅದಕ್ಕೆ ‘ವಾಯುಭಾರಮಾಪಕ’ ಎಂದು ಪೂರ್ತಿ ಹೆಸರಿಟ್ಟೇ ಕರೆಯುತ್ತಿದ್ದರು. ಅದನ್ನು ಗೋಡೆಗೆ ತೂಗಹಾಕಿದ ದಿನದಿಂದ ಮನೆಯೊಳಗೂ ರೈನ್‌ಕೋಟಿನಲ್ಲೇ ಓಡಾಟ.

ಪದ್ಮಲತಾ: ನಿಮ್ಮ ಮಳೆ ಹೊರಟು ಎಂಟು ದಿನ ಆಯ್ತು. ನಡ್ಕೊಂಡು ಬರ್ತಾ ಉಂಟಾ?

ಹೇಮರಾಜ: ವಿಜ್ಞಾನಕ್ಕೆ ತಮಾಷೆ ಮಾಡ್ಬೇಡ ಪದ್ಮ. ಬಿಸಿಲಿಗೆ ನೆಲ ಕಾಯ್ತದೆ. ಕಾದ ಗಾಳಿ ಹಗುರ ಆಗಿ ಮೇಲೆ ಹೋಗ್ತದೆ. ಕೆಳಗೆ ಒತ್ತಡ ಕಡಿಮೆ ಆಗ್ತದೆ. ಆಗ ಕಡಲಿನ ಕಡೆಯ ತಂಪು ಗಾಳಿ ಆ ಜಾಗಕ್ಕೆ ಬರ್ತದೆ. ಮದುವೆ ಹಾಲ್‌ನಲ್ಲಿ ಒಂದು ಪಂಕ್ತಿ ಎದ್ದ ಕೂಡ್ಲೇ ಹೊರಗೆ ನಿಂತವರು ಒಳಗೆ ನುಗ್ಗುವುದಿಲ್ವಾ? ಅದೇ ಗಾಳಿ.

ಪದ್ಮಲತಾ: ಹಾಗಾದ್ರೆ ಬಿರುಗಾಳಿ?

ಹೇಮರಾಜ: ಪಾಯಸ ಮುಗೀತಾ ಬಂತು ಅಂತ ಸುದ್ದಿ ಆದ್ರೆ ಹೇಗೆ ನುಗ್ತಾರೆ? ಅದು.

ಪದ್ಮಲತಾ: ನಿಮ್ಮ ಮದುವೆಯಲ್ಲಿ ಎಂಟು ದಿನದಿಂದ ಪಾಯಸವೂ ಮುಗೀಲಿಲ್ಲ, ಒಬ್ಬನೂ ನುಗ್ಗಲಿಲ್ಲ. ಅಡಿಗೆಯವನೇ ಇಲ್ವೋ ಏನೋ!

ಅಷ್ಟರಲ್ಲಿ ಪಕ್ಕದ ಮನೆಯ ಅಮ್ಮಣ್ಣಿ ಬಂದರು. ನಿನ್ನೆ ಒತ್ತಿದ ಏಳು ಜನರಲ್ಲಿ ಇವರೇ ಹಿರಿಯರು. ಹೊಸ್ತಿಲಲ್ಲೇ ನಿಂತು, ತಿರುಗುವ ಫ್ಯಾನಿನ ಕೆಳಗೆ ಮಲಗಿದ್ದ ಹಪ್ಪಳಗಳನ್ನು ನೋಡಿದರು.

ಅಮ್ಮಣ್ಣಿ: ಎಂತ ಪದ್ಮಾ ಇದು, ಹಪ್ಪಳಕ್ಕೆ ಜ್ವರವಾ? ಆಸ್ಪತ್ರೆಯ ಹಾಗೆ ಮಲಗಿಸಿದ್ದೀ.

ಹೇಮರಾಜ: ಮಳೆ ಉಂಟು ಅಮ್ಮಣ್ಣಕ್ಕ.

ಅಮ್ಮಣ್ಣಿ: ಎಲ್ಲಿ?

ಹೇಮರಾಜ: ಇಲ್ಲಿ. ನೋಡಿ.

ಅಮ್ಮಣ್ಣಿ ಯಂತ್ರವನ್ನು ನೋಡಿದರು. ಆಮೇಲೆ ಅದರ ಕೆಳಗಿನ ನೆಲವನ್ನು ಮುಟ್ಟಿ ನೋಡಿದರು.

ಅಮ್ಮಣ್ಣಿ: ಸೋರುವುದಿಲ್ಲವಲ್ಲ? ಅಲ್ಲ ಹೇಮಣ್ಣ, ಆದಿತ್ಯವಾರ ಬಂಟ್ವಾಳದ ಮದುವೆಗೆ ಮಡಿಲಲ್ಲಿ ಇಟ್ಕೊಂಡು ಬಂದದ್ದು ಇದನ್ನೇ ಅಲ್ವಾ? ಮದುಮಗನ ಫೋಟೋದಲ್ಲಿ ಸಹ ಇದು ಉಂಟು. ಅಲ್ಲಿ ಮುಳ್ಳು ಬೇರೆ ಕಡೆ ಇತ್ತಪ್ಪ.

ಹೇಮರಾಜ: ಹೌದು, ಒಳ್ಳೆಯ ಹವೆಯ ಕಡೆಗೆ ಹೋಗಿತ್ತು. ಬಂಟ್ವಾಳದಲ್ಲಿ ಅವತ್ತು ಹವೆ ಒಳ್ಳೆಯದಿತ್ತು. ಇಲ್ಲಿಗೆ ವಾಪಸ್ ಬರುವಾಗ ಪುನಃ ಮಳೆ.

ಚಾಪೆಯ ಮೇಲೆ ಹಪ್ಪಳ ಸರಿಸುತ್ತಿದ್ದ ಪದ್ಮಲತಾ ತಲೆಯೆತ್ತಿದಳು.

ಪದ್ಮಲತಾ: ಮುಳ್ಳು ಇಳಿದದ್ದು ಎಲ್ಲಿ? ಬಸ್ಸಿನಲ್ಲಾ?

ಹೇಮರಾಜ: ಏರು ರಸ್ತೆಯಲ್ಲಿ. ಡ್ರೈವರ್ ಗೇರ್ ಬದಲಾಯಿಸುವಾಗ ಇದೂ ಬದಲಾಯ್ತು. ನಾನು ಅಲ್ಲೇ ಎಲ್ಲರಿಗೂ ಹೇಳಿದೆ, ಛತ್ರಿ ತೆಗೀರಿ ಅಂತ.

ಪದ್ಮಲತಾ: ಹೋಗುವಾಗ?

ಹೇಮರಾಜ: ಇಳಿಜಾರಿನಲ್ಲಿ ಹವೆ ಸುಧಾರಿಸಿತು.

ಪದ್ಮಲತಾ: ನೀವು ನೋಡಿದ್ದು ಹವೆ ಅಲ್ಲ ಮಾರಾಯ್ರೆ, ಗುಡ್ಡ! ಡಬ್ಬದಲ್ಲಿ ಹಪ್ಪಳ ಪೇರಿಸಿದ್ರೆ ಅಡಿಯ ಹಪ್ಪಳದ ಮೇಲೆ ಎಲ್ಲದರ ಭಾರ. ಮೇಲಿನದ್ದಕ್ಕೆ ಎಂತ ಭಾರ? ಗಾಳಿಯೂ ಹಾಗೆಯೇ ಇರ್ಬೇಕು. ಬಂಟ್ವಾಳ ಅಡಿಯ ಹಪ್ಪಳ. ನಾವು ಮೇಲಿನದ್ದು. ನಮ್ಮ ಮಂಡೆಯ ಮೇಲೆ ಗಾಳಿ ಸ್ವಲ್ಪ ಕಡಿಮೆ, ಅದಕ್ಕೆ ಮುಳ್ಳು ಇಳಿದು ಮಳೆಯಲ್ಲಿ ಕೂತದ್ದು. ಜಯೇಶ್ ಇದನ್ನು ತಂದದ್ದು ಕಡಲ ಬದಿಯ ಅಂಗಡಿಯಿಂದ. ಅದಕ್ಕೆ ನಮ್ಮ ಗುಡ್ಡ ಗೊತ್ತುಂಟಾ?

ಮೂವತ್ತು ವರ್ಷ ಸರಕಾರಿ ಅಳತೆಯ ಚೈನು ಎಳೆದ ಹೇಮರಾಜರು ಅಷ್ಟು ಸುಲಭದಲ್ಲಿ ಸೋಲುವವರಲ್ಲ.

ಹೇಮರಾಜ: ಸಾಕ್ಷಿ ಬೇಕು.

ಪದ್ಮಲತಾ: ಬಾವಿ ಉಂಟಲ್ಲ. ಇಳಿಸುವ.

ಯಂತ್ರವನ್ನು ಕೊಡಪಾನದ ಒಳಗೆ ಮೈ ಒರೆಸುವ ಬೈರಾಸು ಸುತ್ತಿ ಕೂರಿಸಿದ್ದಾಯಿತು. ನಲ್ವತ್ತು ಅಡಿ ಆಳದಲ್ಲಿ ಮುಳ್ಳು ನೋಡುವವರು ಯಾರು? ಹೇಮರಾಜರು ತಮ್ಮ ಫೋನಿನ ಲೈಟು ಹಾಕಿ, ವಿಡಿಯೋ ಒತ್ತಿ, ಯಂತ್ರಕ್ಕೆ ಎದುರಾಗಿ ಅದನ್ನೂ ಕಟ್ಟಿದರು. ನೀರಿಗೆ ಒಂದು ಗೇಣು ಇರುವಾಗ ನಿಲ್ಲಿಸಿ, ಐದು ನಿಮಿಷ ಬಿಟ್ಟು ಮೇಲೆಳೆದರು. ಮೂವರೂ ಬಾವಿಕಟ್ಟೆಯ ಮೇಲೆ ತಲೆಗೆ ತಲೆ ತಾಗಿಸಿ ವಿಡಿಯೋ ನೋಡಿದರು. ಕೊಡಪಾನ ಇಳಿದಂತೆಲ್ಲ ಮುಳ್ಳು ಕೂದಲೆಳೆಯಷ್ಟು, ಮತ್ತೂ ಕೂದಲೆಳೆಯಷ್ಟು, ಒಳ್ಳೆಯ ಹವೆಯ ಕಡೆಗೆ ಸರಿದಿತ್ತು.

ಹೇಮರಾಜ: (ಗಂಟಲು ಸರಿಮಾಡಿಕೊಂಡು) ಬಾವಿಯೊಳಗೆ ಹವೆ ಒಳ್ಳೆಯದುಂಟು.

ಅಮ್ಮಣ್ಣಿ: ಹಾಗಾದ್ರೆ ಹಪ್ಪಳವನ್ನು ಬಾವಿಗೆ ಇಳಿಸಿ ಒಣಗಿಸುವುದಾ?

ಪದ್ಮಲತಾ: ಇಡೀ ತಾಲೂಕಿನವರ ಗುಡ್ಡ ಅಳೆದು ಬಂದವರು ಸ್ವಂತ ಮನೆ ಗುಡ್ಡದ ಮೇಲುಂಟು ಅಂತ ಮರೆತ್ರಲ್ಲ! ಅಮ್ಮಣ್ಣಕ್ಕ, ಚಾಪೆಯ ಆ ತುದಿ ಹಿಡೀರಿ.

ಹತ್ತು ಗಂಟೆಯೊಳಗೆ ಆರುನೂರು ಹಪ್ಪಳವೂ ತಾರಸಿಯಲ್ಲಿತ್ತು. ಪದ್ಮಲತಾಳಿಗೆ ಹಾಡಬೇಕೆನ್ನಿಸುವಷ್ಟು ಖುಷಿ. ಹೇಮರಾಜರು ಮಾತ್ರ ಮುಖ ಊದಿಸಿಕೊಂಡು ಯಂತ್ರದ ಬೆನ್ನು ನೋಡುತ್ತಾ ಕೂತರು. ಅಲ್ಲೊಂದು ಸಣ್ಣ ತಿರುಪು ಇತ್ತು. ಮುಳ್ಳನ್ನು ಊರಿನ ಎತ್ತರಕ್ಕೆ ಹೊಂದಿಸಲಿಕ್ಕೆಂದೇ ಅದನ್ನು ಇಟ್ಟದ್ದು ಎಂದು ಪೆಟ್ಟಿಗೆಯಲ್ಲಿದ್ದ ಚೀಟಿಯಲ್ಲಿ ಬರೆದಿತ್ತು. ಎಂಟು ದಿನದಿಂದ ಆ ಚೀಟಿಯನ್ನು ಮಡಚಿ ಮೇಜಿನ ಕುಂಟು ಕಾಲಿಗೆ ಕೊಟ್ಟವರು ಅವರೇ. ಸೋತ ಸಿಟ್ಟಿಗೆ ತಿರುಪನ್ನು ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚೇ ತಿರುಗಿಸಿದರು. ಮುಳ್ಳು ಒಳ್ಳೆಯ ಹವೆಯ ನಡುಮಧ್ಯೆ ಹೋಗಿ ಕೂತಿತು. ಅವರು ರೈನ್‌ಕೋಟು ಬಿಚ್ಚಿದರು.

ಮೂರು ಗಂಟೆಗೆ ಪದ್ಮಲತಾ ಎರಡನೆಯ ಬದಿಗೆ ಮಗುಚಿದ್ದ ಹಪ್ಪಳಗಳನ್ನು ಮುರಿದು ನೋಡುತ್ತಿದ್ದಳು. ಟಕ್ ಎಂದು ಮುರಿಯುವ ಹದ. ಆಗ ಅವಳಿಗೆ ಕುತ್ತಿಗೆಯ ಬೆವರು ಆರುತ್ತಿಲ್ಲ ಎನ್ನುವುದು ಗೊತ್ತಾಯಿತು. ಮಧ್ಯಾಹ್ನದಿಂದ ಪಡುವಣದಿಂದ ಬೀಸುತ್ತಿದ್ದ ಗಾಳಿ ನಿಂತುಬಿಟ್ಟಿತ್ತು. ಮೂಡಣದಲ್ಲಿ ಘಟ್ಟದ ತಲೆಯ ಮೇಲೆ ಕಪ್ಪು ಮೋಡ ಎದ್ದು ನಿಂತಿತ್ತು.

ಪದ್ಮಲತಾ: ಅಮ್ಮಣ್ಣಕ್ಕಾ, ಬೇಗ ಬನ್ನಿ! ತೆಗೆಯುವ!

ಹೇಮರಾಜ: (ಯಂತ್ರವನ್ನೂ ಬಿಚ್ಚಿದ ರೈನ್‌ಕೋಟನ್ನೂ ಹಿಡಿದು ತಾರಸಿಗೆ ಬಂದು) ಯಾರೂ ಮುಟ್ಬೇಡಿ! ಮುಳ್ಳು ಒಳ್ಳೆಯ ಹವೆಯಲ್ಲುಂಟು.

ಪದ್ಮಲತಾ: ಬೆಳಗ್ಗೆ ಬಿಸಿಲಿಗೆ ಮಳೆ ಅಂದ್ರಿ, ಈಗ ಮಳೆಗೆ ಬಿಸಿಲು ಅಂತೀರಾ?

ಹೇಮರಾಜ: ಬೆಳಗ್ಗೆ ಯಂತ್ರ ತಪ್ಪಿತ್ತು. ಈಗ ನಾನೇ ಕೈಯಾರೆ ಸರಿ ಮಾಡಿದ್ದೇನೆ. ಇನ್ನು ತಪ್ಪುವುದಾದ್ರೆ ಆಕಾಶವೇ ತಪ್ಪಬೇಕು.

ಅಮ್ಮಣ್ಣಿ: ಗುಡುಗಿತಲ್ಲ ಹೇಮಣ್ಣ?

ಹೇಮರಾಜ: ಲಾರಿ ಅದು.

ಹೆಂಗಸರಿಬ್ಬರೂ ಲಾರಿಗೆ ಕಾಯಲಿಲ್ಲ. ಚಾಪೆಗಳನ್ನು ನಾಲ್ಕು ಮೂಲೆ ಹಿಡಿದು ಎತ್ತಿ ಒಂದೊಂದಾಗಿ ಕೆಳಗಿಳಿಸಿದರು. ಕಡೆಯ ಚಾಪೆ ಬಾಗಿಲು ದಾಟುವಾಗ ಮೂಡಣದಿಂದ ತಂಪು ಗಾಳಿ ರೊಯ್ಯನೆ ನುಗ್ಗಿ ಬಂತು. ಎಲ್ಲಿಯೋ ಪಾಯಸ ಮುಗಿದದ್ದು ಖಂಡಿತ. ಹಿಂದೆಯೇ ಬೆರಳು ಗಾತ್ರದ ಹನಿಗಳು. ಹೇಮರಾಜರು ಯಂತ್ರಕ್ಕೆ ರೈನ್‌ಕೋಟು ಹೊದೆಸಿ, ಅದನ್ನು ಎದೆಗೆ ಅಪ್ಪಿಕೊಂಡು ತಾರಸಿಯ ನಡುವೆ ನಿಂತೇ ಇದ್ದರು.

ಪದ್ಮಲತಾ: ಇವ್ರೇ, ಸಿಡಿಲು ಹೊಡೀತದೆ! ಒಳಗೆ ಬನ್ನಿ!

ಹೇಮರಾಜ: ಇದು ನಮ್ಮ ಮಳೆ ಅಲ್ಲ! ಪಕ್ಕದ ಬೆಳುವಾಯಿಯಲ್ಲಿ ಸುರಿದದ್ದು, ಗಾಳಿಗೆ ಹಾರಿ ಇಲ್ಲಿ ಬಿದ್ದದ್ದು! ನಮ್ಮಲ್ಲಿ ಹವೆ ಒಳ್ಳೆಯದೇ ಉಂಟು!

ಒಂದು ಮಿಂಚು ಹೊಡೆಯಿತು ನೋಡಿ, ವಿಜ್ಞಾನ ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಬಂತು. ಚಾವಡಿಯ ಬಾಗಿಲಿಗೆ ಪದ್ಮಲತಾ ಕೈ ಅಡ್ಡ ಹಿಡಿದಳು. ನಡುಗುತ್ತಿದ್ದ ಗಂಡನನ್ನು ನೋಡಿ ಅವಳಿಗೆ ಪಾಪ ಅನ್ನಿಸಿತು. ಆದರೂ ಆರುನೂರು ಹಪ್ಪಳಕ್ಕಿಂತ ಹೆಚ್ಚು ಅನ್ನಿಸಲಿಲ್ಲ.

ಪದ್ಮಲತಾ: ಅಲ್ಲೇ ನಿಲ್ಲಿ. ಒಳಗೆ ಹಪ್ಪಳ ಉಂಟು.

ಹೇಮರಾಜ: ನಾನು ನೆನೆದು ಪೂರಾ ಚಂಡಿ ಆಗಿದ್ದೇನೆ ಪದ್ಮ!

ಪದ್ಮಲತಾ: ಕಾಣ್ತದೆ. ಜಗಲಿಯಲ್ಲಿ ಒಂದು ಚಾಪೆ ಖಾಲಿ ಉಂಟು, ಅದರ ಮೇಲೆ ಹರಡಿಕೊಳ್ಳಿ. ಒಂದು ಬದಿ ಒಣಗಿದ ಮೇಲೆ ನಾನೇ ಬಂದು ಮಗುಚಿ ಹಾಕ್ತೇನೆ.