ಜೀಪಿನ ತುಕ್ಕಿನವರಿಗೆ, ಸೋಮವಾರದ ತಪಾಸಣೆಗೆ ಮುಂಚೆ

ನಮ್ಮ ಜೀಪಿನ ಎಡಬಾಗಿಲಲ್ಲಿ ಬಿಡಾರ ಹೂಡಿರುವ ತುಕ್ಕಿನವರ ಸನ್ನಿಧಾನಕ್ಕೆ,

ಮಾನ್ಯರೇ,

ಹಗಲಿರುಳೆನ್ನದೆ, ರಜೆ ಕೇಳದೆ, ಸದ್ದಿಲ್ಲದೆ ದುಡಿಯುವ ತಮಗೆ, ಬೋರ್ಡ್ ಬರೆದು ಬದುಕುವ ಈ ಪೇಂಟರನ ಸಾಷ್ಟಾಂಗ ನಮಸ್ಕಾರಗಳು. ಇದು ಬರೀ ಬಾಯಿಮಾತಲ್ಲ. ತಮ್ಮ ದರ್ಶನಕ್ಕಾಗಿ ಒಂದು ವಾರದಿಂದ ಜೀಪಿನಡಿ, ಬೋರಲಲ್ಲದಿದ್ದರೂ ಅಂಗಾತವಂತೂ ಮಲಗಿಯೇ ಇದ್ದೇನೆ.

ಈ ಜೀಪು ನನ್ನದಲ್ಲ, ನನ್ನ ಹೆಂಡತಿಯದು ಎಂಬುದನ್ನು ತಾವು ಗಮನಿಸಬೇಕು. ಅವಳು ಗುಡ್ಡದ ಮೇಲಿನ ಮನೆಗಳಿಗೆ ಹೋಗಿ ಹೆರಿಗೆ ಮಾಡಿಸುವ ನರ್ಸು. ಇಪ್ಪತ್ತೆಂಟು ವರ್ಷದ ಈ ಮುದಿ ಗಾಡಿಯ ಹೊರತು ಬೇರಾವುದೂ ಆ ಕಲ್ಲುದಾರಿ ಹತ್ತುವುದಿಲ್ಲ. ಸೋಮವಾರ ತಪಾಸಣೆಯ ಸಾಹೇಬರು ಬಂದು ಸುತ್ತಿಗೆಯಿಂದ ತಟ್ಟಿ ನೋಡುತ್ತಾರೆ. ತೂತು ಬಿತ್ತೋ, ಗಾಡಿ ಗುಜರಿಗೆ, ಅವಳು ಕಾಲ್ನಡಿಗೆಗೆ. ಹೋದ ತಿಂಗಳು ಗಾಡಿ ಕೈಕೊಟ್ಟು ಅವಳು ನಡೆದೇ ಹತ್ತಿದಾಗ, ಮಗು ಅವಳಿಗಿಂತ ಮೊದಲೇ ಬಂದುಬಿಟ್ಟಿತ್ತು. ತಾಯಿ ಮಗು ಕ್ಷೇಮ, ನಿಜ. ಆದರೆ ಆ ದಿನ ಅವಳು ತಟ್ಟೆಯ ಊಟ ಮುಟ್ಟಲಿಲ್ಲ.

ಇಂಥ ಗಾಡಿಗೆ ನಾನೇನು ಕಡಿಮೆ ಸೇವೆ ಮಾಡಿದೆನೇ? ತಾವು ಗುಳ್ಳೆಯಾಗಿ ಎದ್ದಲ್ಲೆಲ್ಲ ಮೂರು ಮೂರು ಕೋಟು ಹಸಿರು ಬಣ್ಣ ಬಳಿದೆ. ಬಾಗಿಲ ಕೆಳಅಂಚಿನಲ್ಲಿ ಸಾಲಾಗಿ ತೂತುಗಳು ಕಂಡಾಗ, ಅಬ್ಬಾ, ತುಕ್ಕಿನವರು ಒಂದೇ ಅಳತೆಯಲ್ಲಿ ಎಷ್ಟು ಅಂದವಾಗಿ ಕೊರೆದಿದ್ದಾರಲ್ಲ ಎಂದು ತಲೆದೂಗಿ, ಒಂದೊಂದನ್ನೂ ಪುಟ್ಟಿ ತುಂಬಿ ಮುಚ್ಚಿದೆ. ಮೊನ್ನೆ ನನ್ನ ಹೆಂಡತಿಯ ಅಣ್ಣ, ನಮ್ಮ ಮೆಕ್ಯಾನಿಕ್ ಭಾವ, ಬಂದು ಬಾಗಿಲು ಅಲ್ಲಾಡಿಸಿದರೆ ಒಳಗೆ ಗುಳುಗುಳು ನೀರಿನ ಸದ್ದು. ಅವು ಮಳೆನೀರು ಇಳಿದುಹೋಗಲೆಂದು ಜೀಪು ಮಾಡಿದವರೇ ಬಿಟ್ಟ ತೂತುಗಳಂತೆ! ಎರಡು ಮಳೆಗಾಲ ತಾವು ಮುಳುಗಿ ಮೀಯಲು ಕೊಳ ಕಟ್ಟಿಸಿಕೊಟ್ಟ ಮಹಾನುಭಾವ ನಾನೇ. ತುಕ್ಕು ಕೆರೆಯದೆ ಬಣ್ಣ ಬಳಿಯುವುದೆಂದರೆ ಅದಕ್ಕೆ ಕಂಬಳಿ ಹೊದಿಸಿ ಮಲಗಿಸಿದಂತೆ ಎಂದೂ ಭಾವ ಬೈದರು. ಮೇಲೆ ಥಳಕು, ಒಳಗೆ ಹುಳುಕು. ಮಾಡಿದ್ದುಣ್ಣೋ ಮಹಾರಾಯ ಎಂದು ನಾನೂ ತಲೆ ತಗ್ಗಿಸಿದೆ.

ಈಗ ಭಾವ ಕೊಳೆತ ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡುತ್ತಿದ್ದಾರೆ. ನಾನು ತಂತಿಬ್ರಶ್ಶು ಹಿಡಿದು, ಬರೀ ಕಬ್ಬಿಣ ಹೊಳೆಯುವವರೆಗೆ ಉಜ್ಜುತ್ತಿದ್ದೇನೆ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಸೋಮವಾರದವರೆಗೆ ಉಪವಾಸವಿರಬೇಕಾಗಿ ವಿನಂತಿ. ಹಸಿವು ತಡೆಯದಿದ್ದರೆ ಹಾರ್ನ್ ತಿನ್ನಿ, ಬ್ರೇಕಿನ ಪೈಪಿಗೆ ಮಾತ್ರ ಬಾಯಿ ಹಾಕಬೇಡಿ. ಅದೂ ಸಾಲದಿದ್ದರೆ ಪಕ್ಕದ ಮನೆಯವರ ಗೇಟು ವಿಶಾಲವಾಗಿದೆ; ಅವರು ಬಣ್ಣ ಬಳಿಯಲು ನನ್ನನ್ನು ಎಂದೂ ಕರೆದವರಲ್ಲ.

ಅರಿಯದೆಯೇ ತಮ್ಮನ್ನು ಸಾಕಿ ಸಲಹಿದ,
ತಮ್ಮ ವಿಶ್ವಾಸಿ,
ಪೇಂಟರ್

ವಿ.ಸೂ.: ತಪಾಸಣೆ ಮುಗಿಯುವವರೆಗೆ ನಾನು ಬಣ್ಣ, ಪುಟ್ಟಿ ಮುಟ್ಟಕೂಡದೆಂದು ನನ್ನ ಹೆಂಡತಿ ಎಲ್ಲವನ್ನೂ ಮರದ ಕಪಾಟಿನಲ್ಲಿಟ್ಟು ಬೀಗ ಜಡಿದಿದ್ದಾಳೆ. ಆ ಬೀಗವನ್ನಾದರೂ ತಿಂದು ಉಪಕಾರ ಮಾಡಿ ಎಂದು ತಮ್ಮನ್ನು ಬೇಡೋಣವೆಂದರೆ, ಅಂಗಡಿಯಲ್ಲಿ ಕೇಳಿ ಕೇಳಿ ಹಿತ್ತಾಳೆಯದನ್ನೇ ತಂದಿದ್ದಾಳೆ. ನಮ್ಮಿಬ್ಬರನ್ನೂ ಚೆನ್ನಾಗಿ ಬಲ್ಲವಳು.